ಎಂಜಲ ಇಟ್ಟಂಗಿಯ ಅಡಿಗೆಮನೆ

ಬರ್ರಿ, ಕೂಡ್ರಿ. ಆ ಚಾಪೆ ಈ ಕಡೆ ಎಳಕೊಳ್ರಿ, ಬಾಗಿಲೊಳಗೆ ಕೂತರೆ ಬಂದುಹೋಗುವವರ ಕಾಲಿಗೆ ಸಿಗ್ತೀರಿ. ಶೇಂಗಾ ಬಿಡಿಸುವುದದ, ಒಂದೊಂದು ಬೊಗಸೆ ತಗೊಂಡು ಬಿಡಿಸುತ್ತ ಕೇಳ್ರಿ. ನಡುವೆ ಬಾಯಿಗೆ ಹಾಕಿಕೊಂಡರೆ ನಾನು ನೋಡಿಲ್ಲ ಅಂತ ತಿಳಕೊಳ್ರಿ. ಆದರೆ ಸಿಪ್ಪೆ ಒಂದು ಕಡೆ ಇಡ್ರಿ. ಸಿಪ್ಪೆ ಅಂದರೆ ನಮ್ಮ ಮನೆಯೊಳಗೆ ಸಣ್ಣ ವಸ್ತು ಅಲ್ಲ. ಈ ಮನೆ ನಿಂತದ್ದೇ ಹೊಟ್ಟು, ಸಿಪ್ಪೆ, ಕತ್ತೆಯ ಲದ್ದಿಯ ಮೇಲೆ.

ಕೆಲವರ ಮನೆಗೆ ಬೀಗರು ಹುಡುಕಿಕೊಂಡು ಬರುತ್ತಾರೆ, ಕೆಲವರ ಮನೆಗೆ ಜಡ್ಡು. ನಮ್ಮ ಮನೆಗೆ ನಗೆಗೇಡು ಹುಡುಕಿಕೊಂಡು ಬರುತ್ತಿತ್ತು. ಬಾಗಿಲು ಹಾಕಿದರೆ ಕಿಟಕಿಯೊಳಗಿಂದ ಬರುತ್ತಿತ್ತು.

ಮೆಟ್ಟಿಲ ಕೆಳಗಿನ ಒಲೆ

ನಾನು ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದಾಗ ನಮ್ಮವರು ಒಬ್ಬ ಗುತ್ತೇದಾರನ ಹತ್ತಿರ ಕಾರಕೂನರಾಗಿದ್ದರು. ಪೇಟೆಯ ನಡುವೆ ಒಂದು ಹಳೇ ವಾಡೆ, ಅದರೊಳಗೆ ನಮ್ಮದೊಂದು ಕೋಣೆ. ಕೋಣೆಯೊಳಗೆ ನಾವಿಬ್ಬರು, ನಮ್ಮ ಅತ್ತೆ, ಅತ್ತೆಯ ದೇವರು. ಹೆಚ್ಚಿನ ಜಾಗ ದೇವರದು. ಒಲೆ ಹೂಡಲಿಕ್ಕೆ ನನಗೆ ಸಿಕ್ಕದ್ದು ಹೊರಗೆ, ಕಟ್ಟಿಗೆಯ ಮೆಟ್ಟಿಲ ಕೆಳಗೆ. ಆ ಮೆಟ್ಟಿಲ ಸಂದಿಯೊಳಗೆ ಪೇಶವಾಯಿ ಕಾಲದ ಧೂಳು ಕೂತಿತ್ತು.

ಮಾಳಿಗೆಯ ಮೇಲೆ ವಾಡೆಯ ಮಾಲಕಿನ್‌ಬಾಯಿ ಇದ್ದರು. ತೂಕದ ಹೆಣ್ಣುಮಗಳು. ಅವರು ಒಂದೊಂದು ಮೆಟ್ಟಿಲು ಇಳಿದ ಹಾಗೆ ಒಂದೊಂದು ಚಿಟಿಕೆ ಮಣ್ಣು ನನ್ನ ಸಾರಿಗೆ ಬೀಳುತ್ತಿತ್ತು. ನಡುವೆ ನಿಂತು ಮೂಗು ಮುಂದೆ ಮಾಡಿ, ಇವತ್ತೂ ಬದನೆಕಾಯೇ ಏನು, ನಿನ್ನೆಯೂ ಅದೇ ಆಗಿತ್ತಲ್ಲ ಅಂತ ಕೇಳುತ್ತಿದ್ದರು. ಅವರು ನಿಂತಷ್ಟು ಹೊತ್ತು ಮಣ್ಣು ಉದುರುವುದು ನಿಲ್ಲುತ್ತಿರಲಿಲ್ಲ.

ನನಗೆ ಬಂಗಾರ ಬೇಕಾಗಿರಲಿಲ್ಲ, ಇಳಕಲ್ಲ ಸೀರೆ ಬೇಕಾಗಿರಲಿಲ್ಲ. ತಲೆಯ ಮೇಲೆ ಯಾರೂ ಅಡ್ಡಾಡದ ಒಂದು ಅಡಿಗೆಮನೆ ಬೇಕಾಗಿತ್ತು. ಈ ಮಾತು ನಮ್ಮವರಿಗೆ ಹೇಗೆ ಹೇಳಲಿ ಅಂತ ನೋಡುತ್ತಿದ್ದಾಗ ಒಂದು ದಿನ ಊಟಕ್ಕೆ ಕೂತವರು ತಾವೇ ದಾರಿ ಮಾಡಿಕೊಟ್ಟರು.

"ಇವತ್ತಿನ ಸಾರು ಭಾಳ ದಪ್ಪ ಆಗ್ಯದ, ಚಲೋ ಅದ. ಏನು ಹಾಕೀದಿ?"

"ನಾ ಏನೂ ಹಾಕಿಲ್ರಿ. ಮಾಲಕಿನ್‌ಬಾಯಿ ಇವತ್ತು ಎರಡು ಸಲ ಇಳದ್ರು."

ಈಜುವ ಇಟ್ಟಂಗಿ

ಆ ಸಾರು ಅವರ ಹೊಟ್ಟೆಯೊಳಗೆ ಏನು ಮಾಡಿತೋ, ಸ್ವಲ್ಪ ದಿನಕ್ಕೆ ಕಾರಕೂನಿಕಿ ಬಿಟ್ಟು ಮನೆಗೆ ಬಂದರು. ಯೆರವಡಾದ ಹೊಳೆದಂಡೆಯ ಮೇಲೆ ಇಟ್ಟಂಗಿ ಭಟ್ಟಿ ಹಾಕುತ್ತೇನೆ ಅಂದರು. ನಮ್ಮ ಅತ್ತೆ ಭಾಳ ಮಡಿಯವರು. ಮಗನಿಗೆ ಏನೂ ಅನ್ನಲಿಲ್ಲ. ದೇವರ ಮುಂದೆ ಕೂತು, ನಮ್ಮ ಮನೆತನದೊಳಗೆ ಮಣ್ಣು ತುಳಿದವರು ಯಾರೂ ಇರಲಿಲ್ಲ ಅನ್ನುವುದನ್ನು ನಮಗೆ ಕೇಳಿಸುವ ಹಾಗೆ ದೇವರಿಗೆ ತಿಳಿಸಿದರು.

ಆದರೆ ನಮ್ಮವರು ನನ್ನನ್ನು ಯೆರವಡಾಕ್ಕೆ ಕರಕೊಂಡು ಹೋಗಿ, ಭಟ್ಟಿಯ ಹಿಂದಿನ ದಿಬ್ಬದ ಮೇಲೆ ಮೂಲೆಗೊಂದು ಗೂಟ ಬಡಿದು ದಾರ ಕಟ್ಟಿದ್ದನ್ನು ತೋರಿಸಿದರು. "ಇದು ನಿನ್ನ ಅಡಿಗಿಮನಿ. ಭಟ್ಟಿ ನಿಂತಿತು ಅಂದ್ರ ಮೊದಲ ಗ್ವಾಡಿ ಇಲ್ಲೇ ಏಳ್ತದ. ಭಟ್ಟಿ ಮುಳುಗಿತು ಅಂದ್ರ ನಾ ಮತ್ತ ಕಾರಕೂನ, ನೀ ಮತ್ತ ಮೆಟ್ಟಲ ಕೆಳಗ." ನಾನು ದಾರ ದಾಟಿ ಒಳಗೆ ಹೋಗಿ ನಿಂತೆ. ಮೇಲೆ ನೋಡಿದೆ. ಬರೇ ಆಕಾಶ. ಅಲ್ಲಿಂದ ಹೊರಗೆ ಬರಲಿಕ್ಕೆ ಮನಸ್ಸಾಗಲಿಲ್ಲ.

ಇನ್ನು ಭಟ್ಟಿಯ ವಿದ್ಯೆ. ಇಟ್ಟಂಗಿಯ ಮಣ್ಣಿಗೆ ಭತ್ತದ ಹೊಟ್ಟು ಕಲಸಿದರೆ ಅದು ಒಳಗೇ ಉರಿದು ಇಟ್ಟಂಗಿಯನ್ನು ಬೇಯಿಸುತ್ತದೆ, ಕಲ್ಲಿದ್ದಲು ಉಳಿಯುತ್ತದೆ, ಇಟ್ಟಂಗಿ ಹಗುರಾಗುತ್ತದೆ. ಹಿಂಜವಾಡಿ ಕಡೆ ಆಗೆಲ್ಲ ಭತ್ತದ ಗದ್ದೆ. ಅಲ್ಲಿಂದ ಚಕ್ಕಡಿ ಮೇಲೆ ಹೊಟ್ಟು ಬಂತು. ಮಣ್ಣು ತುಳಿಸುವ ಮುಕಾದಮ ಒಂದು ಬುಟ್ಟಿ ಸಾಕು ಅಂದ. ಒಂದು ಬುಟ್ಟಿಯಿಂದ ಇಷ್ಟು ಲಾಭ ಇದ್ದರೆ ಐದು ಬುಟ್ಟಿಯಿಂದ ಎಷ್ಟು ಲಾಭ ಇರಬೇಕು ಅಂತ ನಮ್ಮವರು ಲೆಕ್ಕ ಹಾಕಿದರು. ಕಾರಕೂನರಲ್ಲವೇನು, ಲೆಕ್ಕ ಬಿಡಲಿಲ್ಲ.

ಭಟ್ಟಿಯಿಂದ ಇಳಿದ ಇಟ್ಟಂಗಿಗಳ ಮೈತುಂಬ ತೂತು. ನೋಡಲಿಕ್ಕೆ ತುಪ್ಪದೊಳಗೆ ಕರಿದ ಅನಾರಸದ ಹಾಗೆ ಚೆಂದ ಇದ್ದವು. ಮೊದಲ ಗಿರಾಕಿ ಗಾಡಿ ತುಂಬಿಕೊಂಡು ಹೋದ. ಇಟ್ಟಂಗಿ ಇಡುವ ಮೊದಲು ನೀರಿನೊಳಗೆ ನೆನೆಸುವುದು ಗೌಂಡಿಗಳ ಪದ್ಧತಿ. ಅವನ ಗೌಂಡಿ ನೀರಿನ ಹೌದಿನೊಳಗೆ ಹಾಕಿದ್ದೇ ತಡ, ಇಟ್ಟಂಗಿಗಳು ಬಾತುಕೋಳಿಯ ಹಾಗೆ ಮೇಲೆ ಬಂದು, ಆ ಕಡೆಯಿಂದ ಈ ಕಡೆ ಈಜಾಡಿ, ಆಮೇಲೆ ಗುಳುಗುಳು ಅಂತ ನೀರು ಕುಡಿದು ಒಂದೊಂದಾಗಿ ಮುಳುಗಿದವಂತೆ. ಗೌಂಡಿ ಕೆಲಸ ಬಿಟ್ಟು ಓಣಿಯವರನ್ನು ಕರೆದು ತೋರಿಸಿದ. ಸಂಜೆಗೆ ಗಾಡಿ ಹೊಳ್ಳಿ ಬಂತು.

ನಮ್ಮವರು ತಲೆಯ ಮೇಲೆ ಕೈ ಹೊತ್ತು ಕೂತರು. ಅತ್ತೆ ಜಪದ ಸರ ಎಣಿಸುತ್ತಲೇ ಹೇಳಿದರು: "ಹುಟ್ಟಲಿಕ್ಕೆ ತಡಾ ಮಾಡಿದಿ. ರಾಮದೇವರು ಸೇತುವೆ ಕಟ್ಟಸೂ ಮುಂದ ಇದ್ದಿದ್ದ್ರ ಭಾಳ ಗಿರಾಕಿ ಆಗ್ತಿತ್ತು."

ಗೋಡೆ ತಿಂದ ಕತ್ತೆ

ಮುಂದಿನ ಸಲ ನಮ್ಮವರು ಮುಕಾದಮನ ಮಾತು ಕೇಳಿ ಒಂದೇ ಬುಟ್ಟಿ ಹಾಕಿದರು. ಹಸಿ ಇಟ್ಟಂಗಿ ಸಾಲಾಗಿ ಒಣಗಲಿಕ್ಕೆ ಇಟ್ಟರು. ಆಗ ಅಡ್ಡಮಳೆ ಬಂತು. ಮೇಲೆ ಗೋಣಿ ಹೊದಿಸಿದ್ದರಿಂದ ಇಟ್ಟಂಗಿ ಕರಗಲಿಲ್ಲ. ಆದರೆ ಆ ಹೊಟ್ಟಿನೊಳಗೆ ಕುಟ್ಟದ ಭತ್ತ ಉಳಿದಿತ್ತು. ಗೋಣಿ ತೆಗೆದಾಗ ನೋಡಿದರೆ ಇಟ್ಟಂಗಿಗಳಿಗೆಲ್ಲ ಗಡ್ಡ ಬಂದಿತ್ತು. ಹಸರು ಗಡ್ಡ.

ಆ ಹೊತ್ತಿಗೇ ಹೊಲದ ಕಂದಾಯ ಬರೆಯುವ ತಲಾಠಿ ಸಾಹೇಬರ ಸವಾರಿ ಬರಬೇಕೇನು. ಇಲ್ಲಿ ಭಟ್ಟಿ ಅಂತ ಹೇಳಿ ಭತ್ತ ಬೆಳೆದೀರಲ್ಲ ಅಂತ ಹಿಡಿದರು. ಇದು ಬೆಳೆ ಅಲ್ಲ, ಗೋಡೆ ಅಂತ ನಮ್ಮವರು. ಗೋಡೆಗೆ ಎಲೆ ಬರುತ್ತದೆಯೇ ಅಂತ ತಲಾಠಿ. ಇಬ್ಬರೂ ವಾದ ಮಾಡುತ್ತಿರುವಾಗ ಅತ್ತ ಮುಕಾದಮನ ಕತ್ತೆಗಳು, ಇಟ್ಟಂಗಿ ಹೊರಲಿಕ್ಕೆ ಸಾಕಿದವು, ಸಾಲಿನ ಈ ತುದಿಯಿಂದ ಮೇಯಲಿಕ್ಕೆ ಸುರು ಮಾಡಿದ್ದವು. ಮೊದಲು ಎಲೆ ತಿಂದವು. ಆಮೇಲೆ ಹೊಟ್ಟಿನ ರುಚಿ ಹತ್ತಿ ಇಟ್ಟಂಗಿಗೇ ಬಾಯಿ ಹಾಕಿದವು. ನಾವು ಹೋಗಿ ನೋಡಿದಾಗ ಅರ್ಧ ಸಾಲು ಇರಲಿಲ್ಲ. ಬೆಳೆಯೇ ಇಲ್ಲದ ಮೇಲೆ ತಲಾಠಿ ಏನು ಬರೆದುಕೊಳ್ಳಬೇಕು? ಮೀಸೆ ತಿರುವಿ ಹೋದರು.

ನನಗೆ ಮಾತ್ರ ಕಣ್ಣೀರು ಬಂತು. ನನ್ನ ಅಡಿಗೆಮನೆಯ ಗೋಡೆ ಕತ್ತೆಯ ಹೊಟ್ಟೆ ಸೇರಿತು ಅಂತ ಸೆರಗು ಮುಖಕ್ಕೆ ಒತ್ತಿಕೊಂಡು ನಿಂತೆ. ನಮ್ಮವರು ಬಂದು ಮೆಲ್ಲಕೆ ಸಮಾಧಾನ ಮಾಡಿದರು. "ಅಳಬ್ಯಾಡ. ಲದ್ದೀನೂ ಮಣ್ಣಾಗ ಕಲಸಾವ್ರ ನಾವು. ಇವತ್ತು ಹೋದ ಗ್ವಾಡಿ ನಾಳೆ ಮುಂಜಾನೆ ಹೊಳ್ಳಿ ಬರ್ತದ."

ಗಾಣದ ಬಾಯಿ

ಭತ್ತದ ಸಹವಾಸ ಸಾಕಾಯಿತು. ಭಟ್ಟಿಯ ಮಗ್ಗಲಿಗೇ ಒಬ್ಬ ಕಬ್ಬಿನ ಗಾಣ ಹಾಕಿ ಬೆಲ್ಲ ಮಾಡುತ್ತಿದ್ದ. ಅವನ ಹತ್ತಿರ ಹಿಂಡಿದ ಸಿಪ್ಪೆ ಗುಡ್ಡದಷ್ಟು. ಅದನ್ನು ಒಣಗಿಸಿ, ಕೊಚ್ಚಿ, ಮಣ್ಣಿಗೆ ಕಲಸಿದರು. ಈ ಸಲ ಇಟ್ಟಂಗಿ ಹಗುರಾದವು, ಈಜಲಿಲ್ಲ. ಬಡಿದರೆ ಕಂಚಿನ ಹಾಗೆ ಸಪ್ಪಳ.

ಭಾಂಬುರ್ಡೆಯೊಳಗೆ, ಈಗ ನೀವು ಶಿವಾಜಿನಗರ ಅಂತೀರಲ್ಲ, ಅಲ್ಲಿ ಒಬ್ಬ ವಕೀಲರು ದೊಡ್ಡ ಮನೆ ಕಟ್ಟಿಸಲಿಕ್ಕೆ ಹಿಡಿದಿದ್ದರು. ಅವರ ಮನೆಗೆ ಇಟ್ಟಂಗಿ ಕೊಟ್ಟರೆ ಭಟ್ಟಿ ನಿಂತಂತೆ. ಅವರು ನೋಡಲಿಕ್ಕೆ ಬಂದರು, ಮೆಚ್ಚಿದರು. ಮೊದಲು ದೇವರ ಕೋಣೆ ಕಟ್ಟಿಸುತ್ತೇನೆ, ಇದರೊಳಗೆ ಏನು ಕಲಸೀರಿ ಅಂತ ಕೇಳಿದರು. ನಮ್ಮವರು ಇದ್ದದ್ದು ಹೇಳಿದರು. ವಕೀಲರು ಇಟ್ಟಂಗಿ ಕೆಳಗೆ ಇಟ್ಟು ಕೈ ಝಾಡಿಸಿದರು. ರಸ ತೆಗೆದು ಬಿಸಾಕಿದ ಸಿಪ್ಪೆ ಅಂದರೆ ಎಂಜಲು, ಎಂಜಲ ಗೋಡೆಯ ನಡುವೆ ದೇವರನ್ನು ಹೇಗೆ ಕೂಡಿಸಲಿ ಅಂದರು. ಈ ಮಾತೆಲ್ಲ ಮರಾಠಿಯೊಳಗೆ ನಡೆಯಿತು, ನಾನು ನಮ್ಮ ಮಾತಿನೊಳಗೆ ಹೇಳುತ್ತಿದ್ದೇನೆ.

ಗಾಣಕ್ಕೆ ಬಾಯಿ ಎಲ್ಲಿ ಅದ, ಎಂಜಲು ಆಗಲಿಕ್ಕೆ ಅಂತ ನಮ್ಮವರು ಅಂದರು. ಅಲ್ಲೇ ನೆರಳಿಗೆ ಕೂತಿದ್ದ ನಮ್ಮ ಅತ್ತೆ ಬಾಯಿ ಹಾಕಿದರು. "ಕಬ್ಬು ನುಂಗ್ತದ, ಕಚ್ಚಿ ರಸಾ ಹೀರ್ತದ, ಸಿಪ್ಪಿ ಉಗಳ್ತದ. ಇನ್ನ ಬಾಯಿ ಅಂದ್ರ ಹ್ಯಾಂಗಿರ್ತದಪಾ?" ವಕೀಲರಿಗೆ ಎಷ್ಟು ಸಂತೋಷ ಆಯಿತು ಅಂದರೆ, ಇವರು ಗಂಡಸಾಗಿದ್ದರೆ ಬ್ಯಾರಿಸ್ಟರ್ ಆಗುತ್ತಿದ್ದರು ಅಂದರು. ಬೆಂಕಿಯೊಳಗೆ ಹಾದದ್ದು ಎಂಜಲು ಅಲ್ಲವ್ವಾ ಅಂತ ನಮ್ಮವರು ಅಂಗಲಾಚಿದರೆ, "ನಿನ್ನ ಬೆಂಕಿ ನಿನ್ನ ಭಟ್ಟ್ಯಾಗ ಇರ್ಲಿ, ಶಾಸ್ತ್ರ ಮಾತಾಡಬ್ಯಾಡ" ಅಂದರು ಅತ್ತೆ. ಹೆತ್ತ ತಾಯಿ ಎದುರು ಪಕ್ಷ ಹಿಡಿದ ಖಟ್ಲೆ ಅದು.

ಕಡೆಗೆ ಒಬ್ಬ ಶಾಸ್ತ್ರಿಗಳನ್ನು ಕರೆಸಿದರು. ಶಾಸ್ತ್ರಿಗಳು ಸಿಪ್ಪೆ ಮುಟ್ಟಲಿಲ್ಲ. ರಸ ಎಂಜಲಾಗಿದ್ದರೆ ಸಿಪ್ಪೆಯೂ ಎಂಜಲು, ಆದ್ದರಿಂದ ಮೊದಲು ರಸದ ವಿಚಾರ ಆಗಲಿ ಅಂದರು. ಗಾಣದವನು ಒಂದು ತಂಬಿಗೆ ತಂದುಕೊಟ್ಟ. ಎತ್ತಿ ಕುಡಿದು ಕಣ್ಣು ಮುಚ್ಚಿ ವಿಚಾರ ಮಾಡಿದರು. ನಿರ್ಣಯ ಆಗಲಿಲ್ಲ. ಇನ್ನೊಂದು ತಂದ. ಆಮೇಲೆ ಬಾಯಿ ಒರೆಸಿಕೊಂಡು, ಮನುಷ್ಯರ ಬಾಯಿ ತಾಗಿದ ಒಂದು ಎಳೆಯೂ ಇರದಿದ್ದರೆ ಗಾಣದ ಸಿಪ್ಪೆ ಶುದ್ಧ ಅಂತ ಸುರು ಮಾಡಿದರು. ಮೂರನೇ ತಂಬಿಗೆಗೆ ಗಾಣ ಪವಿತ್ರವಾಯಿತು, ನಾಲ್ಕನೆಯದಕ್ಕೆ ಗಾಣದವನಿಗೂ ಪುಣ್ಯ ಬಂತು.

ಅತ್ತೆಯ ಕಾವಲು

ಆದರೆ ಮನುಷ್ಯರ ಬಾಯಿ ತಾಗಿಲ್ಲ ಅಂತ ಯಾರು ನೋಡಬೇಕು? ಕೆಲಸದವರು ಕಬ್ಬು ತಿಂದು ಎಲ್ಲೆಂದರಲ್ಲಿ ಉಗುಳುವವರು. ವಕೀಲರು ಅತ್ತೆಯ ಕಡೆ ಕೈ ಮಾಡಿ, ಈ ತಾಯಿ ಕಾವಲು ಕೂತರೆ ನನಗೆ ನಂಬಿಗೆ ಅಂದರು. ಅತ್ತೆಗೂ ಅದೇ ಬೇಕಾಗಿತ್ತು. ನನ್ನ ಸೊಸೆಯ ಅಡಿಗೆಮನೆಗೂ ಇದೇ ಕರಾರು, ಒಂದು ಎಳೆ ಎಂಜಲು ಕಂಡರೂ ನಾನು ಆ ಹೊಸ್ತಿಲು ತುಳಿಯುವುದಿಲ್ಲ ಅಂದರು.

ದಿನಾ ಸಿಪ್ಪೆಯ ಗುಡ್ಡದ ಮಗ್ಗಲಿಗೆ ಮಣೆ ಹಾಕಿಕೊಂಡು, ಕೈಯೊಳಗೆ ಕೋಲು ಹಿಡಿದು ಕೂತರು. ಕೆಮ್ಮಿದವರಿಗೂ ಬೈಗಳು. ಮುಕಾದಮ ಎಲೆ ಅಡಿಕೆ ಹಾಕಿಕೊಳ್ಳಲಿಕ್ಕೆ ಹೊಳೆಯ ಆಚೆ ದಂಡೆಗೆ ಹೋಗುತ್ತಿದ್ದ. ಗಾಣದವನಿಗೆ ಮಾತ್ರ ಅತ್ತೆಯ ಮೇಲೆ ಭಕ್ತಿ. ಆಜೀ ಅಂತ ಬಂದು ಒಂದು ಒಳ್ಳೇ ಕಬ್ಬಿನ ಗಣಿಕೆ ಮುಂದೆ ಇಟ್ಟು ಹೋಗುತ್ತಿದ್ದ. ದೇವರಿಗೆ ಅಂತ ಅತ್ತೆ ತೆಗೆದಿಡುತ್ತಿದ್ದರು. ಮನೆಗೆ ಬರುವಾಗ ಅವರ ಕೈಯೊಳಗೆ ನಾನು ಒಂದೂ ಗಣಿಕೆ ನೋಡಲಿಲ್ಲ.

ಈಗ ಅವರ ಹಲ್ಲಿನ ಮಾತು ಹೇಳಬೇಕು. ನಮ್ಮ ಮಾವ ಇದ್ದಾಗ ಅತ್ತೆಯ ಮುಂದಿನ ಒಂದು ಹಲ್ಲಿಗೆ ಬಂಗಾರದ ಕವಚ ಹಾಕಿಸಿದ್ದರು. ಮಾವ ಹೋದಾಗ ಊರ ಹಿರಿಯರು ಬಳೆ ತೆಗೆಸಿದರು, ಮೂಗುತಿ ತೆಗೆಸಿದರು. ಹಲ್ಲು ತೆಗೆಸಲಿಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಅದೊಂದು ಉಳಿದಿತ್ತು.

ಒಂದು ಏಕಾದಶಿಯ ದಿನ ಅತ್ತೆ ಮನೆಗೆ ಬಂದಾಗ ಬಾಯಿಗೆ ಸೆರಗು. ಏಕಾದಶಿಗೆ ಅವರು ನೀರೂ ಮುಟ್ಟುತ್ತಿರಲಿಲ್ಲ, ಅದು ವಾಡೆಗೆಲ್ಲ ಗೊತ್ತಿದ್ದ ಮಾತು. ಏನಾಯಿತು ಅಂದರೆ, ಹೊಳೆಯೊಳಗೆ ಮುಖ ತೊಳೆಯುವಾಗ ಹಲ್ಲು ಕಳಚಿ ನೀರಿಗೆ ಬಿತ್ತು, ಗಂಗವ್ವ ಬೇಡಿದಳು, ಕೊಟ್ಟೆ ಅಂದರು. ಮರುದಿನ ಮುಕಾದಮ ಹೊಳೆಗೆ ಇಳಿದು ಮುಳುಗಿ ಮುಳುಗಿ ಹುಡುಕಿದ. ಹಲ್ಲು ಸಿಗಲಿಲ್ಲ. ಒಂದು ಹಿತ್ತಾಳೆ ತಂಬಿಗೆ ಸಿಕ್ಕಿತು. ಹಿಂದೆ ಅತ್ತೆ ಹೊಳೆಗೆ ಒಯ್ದು ಬಿಟ್ಟು, ಸೊಸೆ ಕಳೆದಳು ಅಂತ ನನ್ನನ್ನು ಊರೆಲ್ಲ ಬೈದಿದ್ದ ತಂಬಿಗೆ.

ಅವರ ಹಲ್ಲು ಸಿಗದಿದ್ದರೇನು, ನನ್ನ ಮರ್ಯಾದೆ ಸಿಕ್ಕಿತು.

ವಕೀಲರ ಲಕ್ಷ್ಮಿ

ಇಟ್ಟಂಗಿ ಭಾಂಬುರ್ಡೆಗೆ ಹೋದವು. ದೇವರ ಕೋಣೆಯ ಗೋಡೆ ಎದ್ದಿತು. ನನ್ನ ಅಡಿಗೆಮನೆಗೂ ಪಾಯ ತೆಗೆಸಿ, ಅದೇ ಭಟ್ಟಿಯ ಇಟ್ಟಂಗಿ ಒಟ್ಟಿ ಇಟ್ಟಿದ್ದರು. ಆಗ ವಕೀಲರ ಆಳು ಓಡಿ ಬಂದು, ಎಲ್ಲರೂ ಈಗಿಂದೀಗ ಬರಬೇಕಂತೆ, ಮನೆಯೊಳಗೆ ಪವಾಡ ಆಗಿದೆ ಅಂದ.

ನಮ್ಮವರು, ನಾನು, ಅತ್ತೆ, ಮುಕಾದಮ, ಎಲ್ಲರೂ ಟಾಂಗಾದೊಳಗೆ ಹೋದೆವು. ಅಲ್ಲಿ ಓಣಿಯ ಓಣಿಯೇ ನೆರೆದಿತ್ತು. ದೀಪ ಇಡುವ ಗೂಡಿಗೆ ಅಂತ ಗೌಂಡಿ ಒಂದು ಇಟ್ಟಂಗಿ ಒಡೆದಿದ್ದನಂತೆ. ಭಟ್ಟಿಯ ಮೂಲೆಯೊಳಗೆ ಇದ್ದು ಬೆಂಕಿ ಕಡಿಮೆ ತಾಗಿದ ಇಟ್ಟಂಗಿ ಇರಬೇಕು. ಒಡೆದಲ್ಲಿ ಮಿಣಕ್ ಅಂತ ಬಂಗಾರ ಕಂಡಿತು. ವಕೀಲರು ಒಡೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಲಕ್ಷ್ಮಿ ತಾನಾಗಿ ಮೂಡಿದ್ದಾಳೆ ಅಂದರು. ನಾವು ಹೋಗುವುದರೊಳಗೆ ಕುಂಕುಮ ಏರಿತ್ತು, ಹೂ ಏರಿತ್ತು, ಆರತಿ ಆಗಿತ್ತು. ತಾಟಿನ ತುಂಬ ಪೇಡೆಯ ನೈವೇದ್ಯ. ಓಣಿಯ ಹಿರಿಯರೆಲ್ಲ ಅಡ್ಡಬಿದ್ದು ಎದ್ದಿದ್ದರು. ಶಾಸ್ತ್ರಿಗಳು ಮಂತ್ರ ಹೇಳುತ್ತಿದ್ದರು, ಅವರ ಮಗ್ಗಲಿಗೂ ಒಂದು ತಂಬಿಗೆ ಇತ್ತು.

ಅತ್ತೆಗೂ ಭಕ್ತಿ ಉಕ್ಕಿತು. ಮುಂದೆ ಹೋಗಿ ಕೈ ಮುಗಿದು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ನಾನೂ ಹಣಿಕಿ ಹಾಕಿದೆ. ಕುಂಕುಮದ ಕೆಳಗೆ ಬಂಗಾರದ ಕವಚ, ಅದರ ಕೆಳಗೆ ಬೇರು ಸಮೇತ ಹಲ್ಲು. ಮಗ್ಗಲಿಗೆ ಅರೆಸುಟ್ಟ ಕಬ್ಬಿನ ಎಳೆ. ಏಕಾದಶಿಯ ಹೊಳೆ ಯಾವುದು ಅಂತ ನನಗೆ ತಿಳಿಯಿತು.

ನಾನು ಹಿಂದಕ್ಕೆ ಸರಿದೆ. ಅತ್ತೆ ಸೆರಗು ಬಾಯಿಗೆ ಒಯ್ದರು. ಆದರೆ ಮುಕಾದಮ ಹೊಳೆಗೆ ಇಳಿದು ಹುಡುಕಿದವನಲ್ಲವೇ? ಇಣುಕಿ ನೋಡಿ, ಭಾಳ ಸಂತೋಷದಿಂದ, ಓಣಿಗೆಲ್ಲ ಕೇಳುವ ಹಾಗೆ ಅಂದ:

"ಆಜೀ, ಇದು ನಿಮ್ಮ ಹಲ್ಲು."

ಮಂತ್ರ ನಿಂತಿತು. ವಕೀಲರ ಮುಖ ಸುಣ್ಣ ಬಳಿದ ಹಾಗೆ ಆಯಿತು. ನಮ್ಮವರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಕಾವಲು ಕೂತವರ ಬಾಯಿಯೇ ಸಿಪ್ಪೆಗೆ ತಾಗಿದ ಮೇಲೆ ಆ ಭಟ್ಟಿಯ ಇಟ್ಟಂಗಿ ಎಲ್ಲ ಎಂಜಲು. ಗೋಡೆ ಕೆಡವುತ್ತಾರೆ, ಗಾಡಿ ಹೊಳ್ಳಿ ಬರುತ್ತವೆ, ಇವರು ಮತ್ತೆ ಕಾರಕೂನರು, ನಾನು ಮತ್ತೆ ಮೆಟ್ಟಿಲ ಕೆಳಗೆ. ಮಾಲಕಿನ್‌ಬಾಯಿ ಇಳಿಯುವ ಸಪ್ಪಳ ನನ್ನ ಕಿವಿಯೊಳಗೆ ಅಲ್ಲೇ ಕೇಳಿಸಿತು.

ನನ್ನದಲ್ಲ ಅಂತ ಅತ್ತೆ ಒಂದು ಮಾತು ಅಂದಿದ್ದರೆ ಅವರ ಏಕಾದಶಿ ಉಳಿಯುತ್ತಿತ್ತು. ಆದರೆ ಬಾಯಿ ತೆರೆದರೆ ಖಾಲಿ ಜಾಗವೇ ಸಾಕ್ಷಿ ಹೇಳುತ್ತದಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು, ವಕೀಲರ ಕಡೆ ತಿರುಗಿ ನಿಂತರು.

"ಹೌದು, ನಂದ. ಕಬ್ಬು ತಿಂದೆ, ಏಕಾದಶಿ ದಿನಾನ ತಿಂದೆ. ಹಲ್ಲು ಹೋತು. ಆದ್ರ ಅದು ಬೆಂಕ್ಯಾಗ ಹಾದು ಬಂದದ. ಬೆಂಕ್ಯಾಗ ಹಾದದ್ದು ಎಂಜಲಲ್ಲ. ನನ್ನ ಮಗಾ ಮೊದಲ ಹೇಳಿದ್ದ, ನಾನ ಕೇಳಲಿಲ್ಲ."

ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋದರು.

"ಇಲ್ಲಾ, ಎಂಜಲ ಅಂತೀರೇನು? ಅನ್ರಿ. ಹಂಗಾದ್ರ ನೀವೆಲ್ಲಾ ಮುಂಜಾನಿಂದ ಯಾರ ಎಂಜಲಕ್ಕ ಆರತಿ ಎತ್ತೀರಿ, ಅದನ್ನೂ ಹೇಳ್ರಿ."

ವಕೀಲರು ಓಣಿಯ ಕಡೆ ನೋಡಿದರು. ಅಡ್ಡಬಿದ್ದವರೆಲ್ಲ ವಕೀಲರ ಕಡೆ ನೋಡುತ್ತಿದ್ದರು, ಕೆಲವರ ಹಣೆಗೆ ಇನ್ನೂ ಮಣ್ಣಿತ್ತು. ವಕೀಲರು ಗಂಟಲು ಸರಿ ಮಾಡಿಕೊಂಡು, ಬೆಂಕಿಯಂಥ ಶುದ್ಧ ವಸ್ತು ಜಗತ್ತಿನೊಳಗೆ ಬೇರೆ ಇಲ್ಲ, ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು ಅಂದರು. ಶಾಸ್ತ್ರಿಗಳು ತಂಬಿಗೆ ಮುಟ್ಟದೆಯೇ ಹೌದು ಅಂದರು. ಆ ಒಂದು ಇಟ್ಟಂಗಿ ಮಾತ್ರ ಒಯ್ಯಿರಿ, ಉಳಿದದ್ದೆಲ್ಲ ಇರಲಿ, ಮಾಳಿಗೆಗೂ ನಿಮ್ಮ ಇಟ್ಟಂಗಿಯೇ ಬರಲಿ ಅಂತ ವಕೀಲರು ನಮ್ಮವರ ಕೈ ಹಿಡಿದರು. ಭಟ್ಟಿ ನಿಂತಿತು.

ನಾವು ಹೊರಡಬೇಕು ಅನ್ನುವಾಗ ಅತ್ತೆ ಬಾಗಿಲೊಳಗಿಂದ ಹೊಳ್ಳಿ ಬಂದರು. "ನೈವೇದ್ಯದ ತಾಟು ಕೊಡ್ರಿ" ಅಂದರು. ಯಾಕೆ ಅಂತ ವಕೀಲರು ಕೇಳಿದರು.

"ಪೂಜಾ ಯಾರಿಗೆ ಆತು? ಪೇಡೆ ನನಗ ಸೇರಬೇಕು."

ಯಾರು ಯಾರು ಏನಾದರು

ಪೇಡೆಯನ್ನು ಟಾಂಗಾದೊಳಗೇ ಮುಗಿಸಿದೆವು. ಕತ್ತೆಗಳಿಗೆ ಮಾತ್ರ ಒಂದೊಂದು ಉಳಿಸಿ ಒಯ್ದು ಇಟ್ಟೆವು. ಅವು ಮುಂದೆ ಮುದಿಯಾಗಿ ದಿಬ್ಬದ ಮೇಲೆಯೇ ಇದ್ದು ಸತ್ತವು. ಕಡೆಯ ತನಕ ಇಟ್ಟಂಗಿ ಹೊರುವ ಮೊದಲು ಒಮ್ಮೆ ನೆಕ್ಕಿ ನೋಡುತ್ತಿದ್ದವು. ಮುಕಾದಮನ ಮಕ್ಕಳು ಈಗ ತಮ್ಮದೇ ಭಟ್ಟಿ ಹಾಕಿದ್ದಾರೆ. ಒಂದೇ ಬುಟ್ಟಿ ಹಾಕುತ್ತಾರೆ. ಶಾಸ್ತ್ರಿಗಳಿಗೆ ಸಕ್ಕರೆ ಜಡ್ಡು ಬಂತು, ಆಮೇಲೆ ಅವರು ಕೊಟ್ಟ ತೀರ್ಪೆಲ್ಲ ಕಹಿ. ಮಾಲಕಿನ್‌ಬಾಯಿ ಆ ಮೆಟ್ಟಿಲ ಕೆಳಗಿನ ಜಾಗ ಇನ್ನೊಬ್ಬ ಸೊಸೆಗೆ ಕೊಟ್ಟರು. ಅವಳು ಸಾರಿಗೆ ಮುಚ್ಚಳ ಇಡುತ್ತಿದ್ದಳಂತೆ. ಅಷ್ಟು ದಿನ ನನಗೆ ಅದು ಯಾಕೆ ಹೊಳೆಯಲಿಲ್ಲವೋ. ವಕೀಲರು ದೊಡ್ಡ ಹೆಸರು ಮಾಡಿದರು. ಆದರೆ ದಾರಿಯೊಳಗೆ ನಮ್ಮ ಅತ್ತೆ ಎದುರಾದರೆ ಅವರ ಕೈ ತಾವಾಗಿಯೇ ಮುಗಿಯುತ್ತಿದ್ದವು, ಆಮೇಲೆ ಸಿಟ್ಟು ಬರುತ್ತಿತ್ತು.

ನಮ್ಮವರು ಹಗುರ ಇಟ್ಟಂಗಿ ಮಾಡಿ ಮಾಡಿ ತಾವು ಭಾರವಾದರು. ಕಡೆಯ ಕಾಲಕ್ಕೆ ದಿಬ್ಬ ಏರಲಿಕ್ಕೆ ಅವರಿಗೆ ನನ್ನ ಭುಜ ಬೇಕಾಗುತ್ತಿತ್ತು. ಸ್ವಾತಂತ್ರ್ಯ ಬಂದ ದಿನ ನಾವಿಬ್ಬರೂ ಅತ್ತೆಯನ್ನು ಹಿಡಿದುಕೊಂಡು ಬಂದು ಈ ಅಡಿಗೆಮನೆಯ ಗೋಡೆಯ ಮೇಲೆ ಹಣತೆ ಇಡಿಸಿದೆವು. ಆಗ ಅವರ ಬಾಯಿಯೊಳಗೆ ಒಂದೂ ಹಲ್ಲು ಇರಲಿಲ್ಲ, ಆದರೂ ಸಂಕ್ರಾಂತಿಗೆ ಕಬ್ಬು ಮಾತ್ರ ಬೇಕಾಗುತ್ತಿತ್ತು. ನಾನು ಜಜ್ಜಿ ಕೊಡುತ್ತಿದ್ದೆ. ಅವರು ಸಿಪ್ಪೆಯನ್ನು ದೂರ ಒಯ್ದು ಹಾಕುತ್ತಿದ್ದರು. ಆ ಚಳಿಗಾಲದೊಳಗೆ ಅವರೂ ಬೆಂಕಿಯೊಳಗೆ ಹಾದು ಹೋದರು. ಅವರದೇ ಮಾತಿನ ಪ್ರಕಾರ ಈಗ ಅವರೊಳಗೆ ಎಂಜಲು ಅನ್ನುವುದು ಏನೂ ಉಳಿದಿಲ್ಲ.

ಮತ್ತೆ ಆ ಹಲ್ಲಿನ ಇಟ್ಟಂಗಿ? ಅದನ್ನು ಒಳಗೆ ನನ್ನ ಒಲೆಯ ಮೇಲಿನ ಗೋಡೆಯೊಳಗೆ ಇಡಿಸಿದವರು ಅತ್ತೆಯೇ. "ಎಂಜಲಲ್ಲ ಅಂತ ಹೇಳಿದಾಕಿ ನಾನು, ಮೊದಲ ನನ್ನ ಮನ್ಯಾಗ ಇರ್ಲಿ" ಅಂದಿದ್ದರು. ಒಲೆ ಉರಿದಾಗ ಈಗಲೂ ಮಿಣಕ್ ಅಂತದ. ನನ್ನ ಸೊಸೆ ದಿನಾ ಮುಂಜಾನೆ ಅದಕ್ಕೆ ಕುಂಕುಮ ಹಚ್ಚಿ, ಕೈ ಮುಗಿದು, ಆಮೇಲೆ ಒಲೆ ಹಚ್ಚುತ್ತಾಳೆ. ಯಾವ ದೇವರು ಅಂತ ಅವಳು ಕೇಳಿಲ್ಲ, ನಾನೂ ಹೇಳಿಲ್ಲ.